ಕಂದಿದ ಕಾಯದ ಅಕ್ಕ: ಉಡುತಡಿಯಿಂದ ಶ್ರೀಶೈಲಕ್ಕೆ ಬಿಸಿಲ ದಾರಿ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ, ಶಿರಾಳಕೊಪ್ಪಕ್ಕೆ ಸಮೀಪದಲ್ಲಿ ಉಡುಗಣಿ ಎಂಬ ಊರಿದೆ. ಹನ್ನೆರಡನೆಯ ಶತಮಾನದ ವಚನಕಾರ್ತಿ ಅಕ್ಕಮಹಾದೇವಿ ಹುಟ್ಟಿದ ಉಡುತಡಿ ಈ ಪರಿಸರದ್ದೇ ಎಂಬುದನ್ನು ಬಹುಪಾಲು ವಿದ್ವಾಂಸರು ಒಪ್ಪಿದ್ದಾರೆ. ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವ ಅಂಚಿನ ನೆಲ ಇದು. ಪಶ್ಚಿಮಕ್ಕೆ ಸೊರಬದ ಕಾಡು, ಕೆರೆ, ಗದ್ದೆಗಳು. ಪೂರ್ವಕ್ಕೆ ಹೋದಂತೆಲ್ಲ ಮರ ವಿರಳವಾಗಿ ಬಿಸಿಲು ಹರಡಿಕೊಳ್ಳುತ್ತದೆ. ಅಕ್ಕ ಮನೆ ತೊರೆದು ನಡೆದದ್ದು ಈ ಬಿಸಿಲಿನ ದಿಕ್ಕಿಗೆ.

ಅಕ್ಕನ ಭಕ್ತಿ, ವೈರಾಗ್ಯ ಮತ್ತು ಕಾವ್ಯಶಕ್ತಿಯನ್ನು ಕುರಿತು ಕನ್ನಡದಲ್ಲಿ ಬಂದ ಬರಹಗಳಿಗೆ ಲೆಕ್ಕವಿಲ್ಲ. ಆಕೆಯ ದೇಹ ಆ ದಾರಿಯಲ್ಲಿ ಏನನ್ನು ತಾಳಿಕೊಂಡಿತು ಎಂಬ ಪ್ರಶ್ನೆ ಮಾತ್ರ ಅಪರೂಪ. ಬಟ್ಟೆಯನ್ನು ತೊರೆದವಳು, ನೀಳವಾದ ಕೂದಲನ್ನೇ ಹೊದ್ದವಳು ಎಂದು ಹೇಳಿ ಕಥೆ ಮುಂದೆ ಸಾಗಿಬಿಡುತ್ತದೆ. ಬರಿಯ ಚರ್ಮದ ಮೇಲೆ ಸೂರ್ಯ ಬೀಳುತ್ತಿದ್ದ ಆ ನಡಿಗೆಯನ್ನು ಅಕ್ಕನೇ ಗಮನಿಸಿದ್ದಳು. ಕಾಯ ಕಂದುವ ಮಾತನ್ನು ಆಕೆಯ ವಚನವೊಂದು ನೇರವಾಗಿಯೇ ಎತ್ತುತ್ತದೆ.

ಆಕೆಯ ಬದುಕನ್ನು ಹೇಳುವ ಕೃತಿಗಳು ಒಂದನ್ನೊಂದು ಪೂರ್ತಿಯಾಗಿ ಒಪ್ಪುವುದಿಲ್ಲ. ಮೊದಲು ಬರೆದವನು ರಗಳೆಗಳ ಕವಿ ಹರಿಹರ. ಅವನ ಕಥೆಯಲ್ಲಿ ತಂದೆತಾಯಿಗಳಿಗೆ ಶಿವಭಕ್ತ, ಶಿವಭಕ್ತೆ ಎಂಬವೇ ಹೆಸರು. ಹದಿನೈದನೆಯ ಶತಮಾನದ ಚಾಮರಸನ ಪ್ರಭುಲಿಂಗಲೀಲೆಯ ಪರಂಪರೆಯಲ್ಲಿ ಅವರು ನಿರ್ಮಲ ಮತ್ತು ಸುಮತಿ. ಮೆರವಣಿಗೆಯಲ್ಲಿ ಸಾಗುತ್ತಿದ್ದ ಅರಸ ಕೌಶಿಕ, ಹುಡುಗಿಯ ರೂಪಕ್ಕೆ ಮರುಳಾದನೆಂಬುದು ಎಲ್ಲರೂ ಒಪ್ಪುವ ಸಂಗತಿ. ಮುಂದಿನದರಲ್ಲಿ ಭೇದವಿದೆ. ಹರಿಹರನ ಪ್ರಕಾರ ಅಕ್ಕ ಕೆಲವು ಷರತ್ತುಗಳನ್ನು ವಿಧಿಸಿ ಮದುವೆಗೆ ಒಪ್ಪಿದಳು. ತನ್ನ ಪೂಜೆಗೆ, ಜಂಗಮ ಸೇವೆಗೆ, ಗುರುವಿನ ಸನ್ನಿಧಿಗೆ ಅರಸ ಅಡ್ಡ ಬರಬಾರದೆಂಬುದು ಆ ಷರತ್ತುಗಳ ತಿರುಳು. ಅರಸ ಅವನ್ನು ಒಂದೊಂದಾಗಿ ಮುರಿದ ಬಳಿಕ ಆಕೆ ಅರಮನೆಯಿಂದ ಹೊರಟಳು. ಚಾಮರಸನಲ್ಲಾದರೋ ಮದುವೆಯೇ ನಡೆಯಲಿಲ್ಲ.

ಮದುವೆಯಾಗಿತ್ತೇ ಇಲ್ಲವೇ ಎಂಬ ಚರ್ಚೆಗೆ ವಿದ್ವಾಂಸರು ಕೊಟ್ಟಷ್ಟು ಮಹತ್ವ ಇಲ್ಲಿ ಬೇಕಿಲ್ಲ. ಎರಡು ಕಥೆಗಳಲ್ಲೂ ಅರಸನು ಬಯಸಿದ್ದು ಆಕೆಯ ಮೈಯನ್ನು, ಆ ಮೈಯ ಕಾಂತಿಯನ್ನು. ಆಕೆ ಬಿಟ್ಟು ನಡೆದದ್ದು ಅದೇ ಮೈಗೆ ಅರಸೊತ್ತಿಗೆ ಕೊಟ್ಟಿದ್ದ ಬೆಲೆಯನ್ನು. ಅರಮನೆಯ ರೇಷ್ಮೆ, ಒಡವೆ, ನೆರಳು ಮೂರೂ ಒಂದೇ ದಿನ ಕಳಚಿಬಿದ್ದವು.

ಅಕ್ಕ ಬೆಳೆದ ಪರಿಸರಕ್ಕೆ ಬೆತ್ತಲೆ ಸನ್ಯಾಸ ಅಪರಿಚಿತವಾಗಿರಲಿಲ್ಲ ಎಂಬುದಕ್ಕೆ ಕಲ್ಲಿನ ಸಾಕ್ಷಿಯೇ ಇದೆ. ಶಿರಾಳಕೊಪ್ಪಕ್ಕೆ ಅಷ್ಟೇ ಹತ್ತಿರವಿರುವ ಬಳ್ಳಿಗಾವಿ ಆಗ ಬನವಾಸಿ ನಾಡಿನ ರಾಜಧಾನಿ. ಅಲ್ಲಮಪ್ರಭುವಿನ ಊರೂ ಅದೇ. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠದ 1162ರ ಶಾಸನ, ಮಠದಲ್ಲಿ ನಡೆಯುತ್ತಿದ್ದ ಕೆಲಸಗಳನ್ನು ಪಟ್ಟಿಯಾಗಿ ಕೊಡುತ್ತದೆ. ವೇದ, ವ್ಯಾಕರಣ, ದರ್ಶನಗಳ ಪಾಠದ ಜೊತೆಗೆ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅನ್ನ ದೊರೆಯುತ್ತಿತ್ತು. ಅನ್ನ ಪಡೆಯುವವರ ಸಾಲಿನಲ್ಲಿ ನಗ್ನ ಸನ್ಯಾಸಿಗಳೂ ಇದ್ದಾರೆ. ದಿಕ್ಕಿಲ್ಲದ ರೋಗಿಗಳಿಗೆ ಔಷಧ ಕೊಡುವ ಸ್ಥಳವೆಂದೂ ಶಾಸನ ಆ ಮಠವನ್ನು ಬಣ್ಣಿಸುತ್ತದೆ. ಅಕ್ಕನಿಗೂ ಆ ಮಠಕ್ಕೂ ನಂಟು ಕಲ್ಪಿಸಬೇಕಾಗಿಲ್ಲ. ಆದರೆ ಆಕೆಯ ಕಾಲದಲ್ಲಿ, ಆಕೆಯ ನೆರೆಯಲ್ಲಿ, ಮೈಯ ನೋವಿಗೆ ಮದ್ದು ಕೊಡುವುದು ಧರ್ಮದ ಕೆಲಸವೇ ಆಗಿತ್ತೆಂಬುದು ಸ್ಪಷ್ಟ. ನಗ್ನ ಸನ್ಯಾಸಿ ಊರ ಮುಂದೆ ಬಂದರೆ ಜನ ಅನ್ನವಿಡುತ್ತಿದ್ದರು. ಆ ಸನ್ಯಾಸಿ ಹೆಣ್ಣಾದಾಗ ಮಾತ್ರ ಪ್ರಶ್ನೆಗಳು ಎದ್ದವು.

ಪಕ್ಕದ ಸೊರಬ ತಾಲ್ಲೂಕಿನ ಚಂದ್ರಗುತ್ತಿಯನ್ನು ಈ ಸಂದರ್ಭದಲ್ಲಿ ನೆನೆಯದಿರಲಾಗದು. ಅಲ್ಲಿಯ ರೇಣುಕಾಂಬೆಗೆ ಹರಕೆ ಹೊತ್ತವರು ವರದಾ ನದಿಯಲ್ಲಿ ಮಿಂದು, ಬೆತ್ತಲೆಯಾಗಿ ಗುಡಿಯವರೆಗೆ ಬರುವ ಪದ್ಧತಿ ಬಹುಕಾಲ ನಡೆದಿತ್ತು. ಬಂದವರಲ್ಲಿ ಹೆಚ್ಚಿನವರು ಬಡ, ಕೆಳಜಾತಿಗಳ ಹೆಣ್ಣುಮಕ್ಕಳು. 1986ರ ಜಾತ್ರೆಯಲ್ಲಿ ಅದನ್ನು ತಡೆಯಲು ಹೋದ ಹೋರಾಟಗಾರರ ಮೇಲೂ ಪೊಲೀಸರ ಮೇಲೂ ಹಲ್ಲೆ ನಡೆದು ಪ್ರಕರಣ ದೇಶದಾದ್ಯಂತ ಸುದ್ದಿಯಾಯಿತು. ಬಳಿಕ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ಅಕ್ಕನ ನಗ್ನತೆಯನ್ನು ಈ ಸೇವೆಯ ಸಮರ್ಥನೆಗೆ ಬಳಸುವುದು ಸಲ್ಲದು. ಒಂದು ದೈವಭಯದಿಂದ, ಊರಿನ ಕಣ್ಣೆದುರು ನಡೆದದ್ದು. ಇನ್ನೊಂದು, ಅರಸನ ಕಣ್ಣನ್ನು ಧಿಕ್ಕರಿಸಿ ಒಬ್ಬಳೇ ಕೈಗೊಂಡ ತೀರ್ಮಾನ.

ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ಎಂದು ಶೂನ್ಯಸಂಪಾದನೆಯ ಪರಂಪರೆ ಹೇಳುವ ದಾರಿಯನ್ನು ನಕಾಶೆಯ ಮೇಲೆ ನೇರ ಗೆರೆಯಾಗಿ ಎಳೆದರೂ ಅದು 700 ಕಿಲೋಮೀಟರ್ ಮೀರುತ್ತದೆ. ಕಾಲುದಾರಿಯ ಸುತ್ತುಬಳಸು ಸೇರಿದರೆ ಇನ್ನೂ ಹೆಚ್ಚು. ಹರಿಹರನ ಅಕ್ಕ ಕಲ್ಯಾಣಕ್ಕೆ ಹೋಗದೆ ನೇರವಾಗಿ ಶ್ರೀಶೈಲಕ್ಕೆ ನಡೆಯುತ್ತಾಳೆ. ಆಗಲೂ ದಾರಿ ಚಿಕ್ಕದಲ್ಲ. ತುಂಗಭದ್ರೆಯನ್ನು ದಾಟಿದ ಮೇಲೆ ಕರಿಮಣ್ಣಿನ, ಕುರುಚಲು ಗಿಡಗಳ ವಿಸ್ತಾರ. ಬೇಸಿಗೆಯ ಮಧ್ಯಾಹ್ನ ಅಲ್ಲಿ ನೆರಳೆಂದರೆ ಆಗೊಂದು ಈಗೊಂದು ಬೇವಿನ ಮರ.

ಈ ಸೀಮೆಯ ಸೂರ್ಯನ ಲೆಕ್ಕವನ್ನೂ ಹೇಳಬೇಕು. ಶಿಕಾರಿಪುರ ಮತ್ತು ಸೊರಬಗಳಲ್ಲಿ ಸೂರ್ಯ ವರ್ಷಕ್ಕೆರಡು ಬಾರಿ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ, ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮಧ್ಯಭಾಗದಲ್ಲೊಮ್ಮೆ. ಆಗಸ್ಟ್‌ನಲ್ಲಿ ಮಳೆಮೋಡ ಮುಸುಕಿರುತ್ತದೆಯಾದ್ದರಿಂದ ಜನ ಬಿಸಿಲನ್ನು ಲೆಕ್ಕಿಸುವುದಿಲ್ಲ. ಆದರೆ ತೆಳುಮೋಡದ ಮೂಲಕ ನೇರಳಾತೀತ ಕಿರಣಗಳ ಹೆಚ್ಚಿನ ಪಾಲು ನೆಲಕ್ಕೆ ಇಳಿಯುತ್ತದೆ. ಬಿಸಿಲಿನ ಶಾಖ ಬೇರೆ, ಈ ಕಿರಣಗಳು ಬೇರೆ. ತಂಪಾದ ದಿನವೂ ಚರ್ಮ ಸುಡಬಹುದು. ನೇರಳಾತೀತ ಕಿರಣಗಳಲ್ಲಿ ಬಿ ಬಗೆಯದು ಮೇಲ್ಚರ್ಮವನ್ನು ಸುಟ್ಟು, ಜೀವಕೋಶಗಳ ಡಿಎನ್‌ಎಯನ್ನು ನೇರವಾಗಿ ಕೆಡಿಸುತ್ತದೆ. ಎ ಬಗೆಯದು ಇನ್ನೂ ಆಳಕ್ಕಿಳಿದು ಸುಕ್ಕು, ಕಲೆಗಳಿಗೆ ಕಾರಣವಾಗುತ್ತದೆ. ಕಿಟಕಿಯ ಗಾಜನ್ನೂ ದಾಟುತ್ತದೆ. ಸೂರ್ಯನ ವಿಕಿರಣವು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1992ರಲ್ಲೇ ಘೋಷಿಸಿತು.

ಹೀಗಿರುವಾಗ ಅಕ್ಕನ ಕೂದಲು ಬರಿಯ ಲಜ್ಜೆಯ ಪರದೆಯಾಗಿ ಉಳಿಯುವುದಿಲ್ಲ. ಪ್ರತಿಮೆಗಳಲ್ಲಿ, ಕ್ಯಾಲೆಂಡರ್ ಚಿತ್ರಗಳಲ್ಲಿ ಆಕೆ ಕಾಣಿಸುವುದು ಪಾದದವರೆಗೆ ಇಳಿಬಿಟ್ಟ ದಟ್ಟ ಕೂದಲಿನೊಡನೆ, ಅಂಗೈಯಲ್ಲಿ ಲಿಂಗ ಹಿಡಿದು. ಮನುಷ್ಯನ ಮೈಮೇಲಿನ ರೋಮವೆಲ್ಲ ತೆಳುವಾದರೂ ನೆತ್ತಿಯ ಕೂದಲು ಉಳಿದದ್ದು, ನೆಟ್ಟಗೆ ನಡೆಯುವ ಪ್ರಾಣಿಯ ತಲೆಯನ್ನು ಸೂರ್ಯನಿಂದ ಕಾಯಲೆಂದೇ ಎಂಬುದು ವಿಜ್ಞಾನಿಗಳ ಒಂದು ವಾದ. ಬೋಳುತಲೆಯ ಗಂಡಸರ ನೆತ್ತಿಯಲ್ಲಿ ಬಿಸಿಲಿನ ಹಾನಿ ಹೆಚ್ಚು ಕಾಣುವುದನ್ನು ಚರ್ಮವೈದ್ಯರೂ ಬಲ್ಲರು. ಕತ್ತು, ಬೆನ್ನು, ಭುಜಗಳ ಮೇಲೆ ಹರಡಿದ ದಟ್ಟ ಕೂದಲು ಒಳ್ಳೆಯ ಮರೆ. ಮುಖಕ್ಕೆ, ಮುಂಗೈಗೆ, ಪಾದಕ್ಕೆ ಮಾತ್ರ ಆ ಮರೆಯಿಲ್ಲ.

ಪಯಣದ ದಿನಚರಿಯನ್ನು ಅಕ್ಕನ ವಚನಗಳೇ ಸೂಚಿಸುತ್ತವೆ. ಹಸಿದರೆ ಊರಿನಲ್ಲಿ ಭಿಕ್ಷೆಯುಂಟು, ಬಾಯಾರಿದರೆ ಕೆರೆ ಬಾವಿಗಳುಂಟು, ಮಲಗಲು ಹಾಳುಬಿದ್ದ ಗುಡಿಗಳುಂಟು ಎಂಬ ಅರ್ಥದ ಮಾತನ್ನು ಆಕೆ ಧೈರ್ಯವಾಗಿ ಆಡಿದ್ದಾಳೆ. ವೈರಾಗ್ಯದ ಮಾತಾಗಿ ಪ್ರಸಿದ್ಧವಾದ ಇದು, ದಾರಿಹೋಕಳೊಬ್ಬಳ ಲೆಕ್ಕಾಚಾರವೂ ಹೌದು. ಅನ್ನ, ನೀರು, ಸೂರು ಮೂರನ್ನೂ ಆಕೆ ಎಣಿಸಿಕೊಂಡಿದ್ದಾಳೆ. ಮೈಯನ್ನು ಆಕೆ ಹಿಂಸಿಸಲಿಲ್ಲ; ಮೈಯ ಹೆಸರಿನಲ್ಲಿ ಯಾರ ಹಂಗಿಗೂ ಬೀಳಲಿಲ್ಲ, ಅಷ್ಟೆ.

ಕಲ್ಯಾಣ ತಲುಪಿದಾಗ ಎದುರಾದದ್ದು ಪರೀಕ್ಷೆ. ಮೊದಲು ಕಿನ್ನರಿ ಬೊಮ್ಮಯ್ಯ ಆಕೆಯನ್ನು ಕೆಣಕಿ, ಕೊನೆಗೆ ತಲೆಬಾಗಿದನೆಂದು ಶೂನ್ಯಸಂಪಾದನೆ ಹೇಳುತ್ತದೆ. ಅನುಭವಮಂಟಪದಲ್ಲಿ ಅಲ್ಲಮನ ಪ್ರಶ್ನೆಗಳು ಇನ್ನೂ ಹರಿತ. ತಾರುಣ್ಯದ ಹೆಣ್ಣು ಗಂಡನ ಗುರುತು ಹೇಳದೆ ಇಲ್ಲಿ ನಿಲ್ಲುವಂತಿಲ್ಲ ಎಂದ ಅವನು, ಬಟ್ಟೆಯನ್ನು ಬಿಟ್ಟವಳಿಗೆ ಕೂದಲ ಮರೆ ಏತಕ್ಕೆ ಎಂದೂ ಕೇಳಿದ. ಉತ್ತರವಾಗಿ ಅಕ್ಕ ಹಣ್ಣಿನ ಹೋಲಿಕೆ ತಂದಳು. ಒಳಗಿನ ತಿರುಳು ಮಾಗುವವರೆಗೆ ಹೊರಗಿನ ಸಿಪ್ಪೆ ತನ್ನ ಅಂದವನ್ನು ಬಿಡುವುದಿಲ್ಲ ಎಂಬುದು ಅದರ ತಾತ್ಪರ್ಯ. ನೋಡುವವರ ಮನಸ್ಸು ನೋಯದಿರಲೆಂದು ಕೂದಲನ್ನು ಹೊದ್ದೆನೆಂದೂ ಸೇರಿಸಿದಳು. ಬರಿಯ ಪ್ರತಿಭಟನೆಯಾಗಿದ್ದರೆ ಈ ಎರಡನೆಯ ಮಾತು ಬೇಕಿರಲಿಲ್ಲ.

ಇದೇ ಸಂವಾದದ ನಡುವೆ ಬರುವುದು ಕಂದಿದ ಕಾಯದ ಮಾತು. ಒಳಗು ಶುದ್ಧವಾದ ಮೇಲೆ ಈ ಮೈ ಕಪ್ಪಗೆ ಕಂದಿದರೂ ಒಂದೇ, ಮಿನುಗಿದರೂ ಒಂದೇ ಎಂಬುದು ಅದರ ಸಾರ. ಅರಸನೊಬ್ಬ ಮೋಹಿಸಿದ ಮೈಯ ಒಡತಿ, ನೂರಾರು ಮೈಲಿ ಬಿಸಿಲಲ್ಲಿ ನಡೆದು ಬಂದು ಆಡಿದ ಮಾತಿದು. ಬಣ್ಣ ಬದಲಾಗಿದ್ದುದು ಆಕೆಗೂ ಸಭೆಗೂ ಕಾಣುತ್ತಿದ್ದಿರಬೇಕು. ಅದನ್ನು ಮರೆಮಾಚುವ ಆತುರ ಆಕೆಗಿರಲಿಲ್ಲ.

ಎಂಟುನೂರು ವರ್ಷಗಳ ಬಳಿಕವೂ ಕನ್ನಡನಾಡು ಈ ಮಾತನ್ನು ಪೂರ್ತಿ ಒಪ್ಪಿಲ್ಲ. ವಧು ಬೇಕೆಂಬ ಜಾಹೀರಾತುಗಳಲ್ಲಿ ಬಿಳಿ ಬಣ್ಣದ ಬೇಡಿಕೆ ಇದ್ದೇ ಇದೆ. ಮುಖ ಬೆಳ್ಳಗಾಗಲೆಂದು ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ತಂದು ಹಚ್ಚುವ ಎಷ್ಟೋ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ರಕ್ತನಾಳಗಳು ಎದ್ದು ಕಂಡು, ಬಿಸಿಲು ತಾಗಿದರೆ ಉರಿಯುವಂತಾಗುತ್ತದೆ. ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿಗೊಳಿಸಿತು.

ವಿಪರ್ಯಾಸವೆಂದರೆ, ಅಳಿಸಲು ಹೊರಟಿರುವ ಆ ಕಪ್ಪೇ ಚರ್ಮದ ಕಾವಲು. ಮೆಲನಿನ್ ಎಂಬ ವರ್ಣದ್ರವ್ಯ ಜೀವಕೋಶದ ಕೇಂದ್ರದ ಮೇಲೆ ಕೊಡೆಯಂತೆ ಹರಡಿ ಕಿರಣಗಳನ್ನು ಹೀರಿಕೊಳ್ಳುತ್ತದೆ. ಬಿಳಿಯರ ಮೇಲ್ಚರ್ಮದ ಮೂಲಕ ಬಿ ಬಗೆಯ ಕಿರಣಗಳ ಸುಮಾರು ಕಾಲುಭಾಗ ಒಳಕ್ಕಿಳಿದರೆ, ತೀರ ಕಪ್ಪು ಚರ್ಮದಲ್ಲಿ ಇಳಿಯುವುದು ಸುಮಾರು ಶೇ 7 ಮಾತ್ರ. ನಮ್ಮ ಕಂದು ಚರ್ಮ ಇವೆರಡರ ನಡುವಿನದು. ಬಿಸಿಲಿನಲ್ಲಿ ಮೈ ಕಂದುವುದೆಂದರೆ, ಆಗಲೇ ತಗುಲಿದ ಪೆಟ್ಟಿಗೆ ಚರ್ಮ ಇನ್ನಷ್ಟು ಕೊಡೆ ಬಿಚ್ಚಿ ಉತ್ತರಿಸುವುದು. ಆಸ್ಟ್ರೇಲಿಯದಂತಹ ದೇಶಗಳಲ್ಲಿ ಮನೆಮಾತಾಗಿರುವ ಚರ್ಮದ ಕ್ಯಾನ್ಸರ್ ಭಾರತದಲ್ಲಿ ವಿರಳವಾಗಿರಲು ಮುಖ್ಯ ಕಾರಣ ಈ ಬಣ್ಣವೇ.

ವಿರಳವೆಂದರೆ ಇಲ್ಲವೆಂದಲ್ಲ. ನಮಗೆ ಬರುವುದಿಲ್ಲ ಎಂಬ ನಂಬಿಕೆಯಿಂದಲೇ ಇಲ್ಲಿ ರೋಗ ತಡವಾಗಿ ಪತ್ತೆಯಾಗುತ್ತದೆ. ಚರ್ಮದ ಕ್ಯಾನ್ಸರ್‌ಗಳಲ್ಲಿ ಅತಿ ಅಪಾಯಕಾರಿಯಾದ ಮೆಲನೋಮ, ಕಪ್ಪು ಮತ್ತು ಕಂದು ಚರ್ಮದವರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ಬಿಸಿಲೇ ಬೀಳದ ಅಂಗಾಲಿನಲ್ಲಿ, ಅಂಗೈಯಲ್ಲಿ, ಉಗುರಿನ ಕೆಳಗೆ. ಜಮೈಕದ ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಪತ್ತೆಯಾದದ್ದು ಕಾಲ್ಬೆರಳಿನ ಉಗುರಿನಡಿಯ ಇಂತಹದೇ ಗೆಡ್ಡೆ. 1981ರಲ್ಲಿ ಅದು ಅವರ ಪ್ರಾಣ ತೆಗೆಯಿತು. ಬರಿಗಾಲಿನಲ್ಲಿ ಗದ್ದೆಗಿಳಿಯುವವರು ಅಂಗಾಲಿನ ಕಪ್ಪು ಮಚ್ಚೆಯನ್ನು ಮುಳ್ಳು ಚುಚ್ಚಿದ ಗುರುತೆಂದೋ ಆಣಿಯೆಂದೋ ಬಗೆದು ಬಿಟ್ಟುಬಿಡುವುದು ಸಹಜ. ಮಚ್ಚೆ ಓರೆಕೋರೆಯಾಗಿ ಹರಡಿದರೆ, ಬಣ್ಣ ಒಂದೇ ಸಮನಾಗಿಲ್ಲದಿದ್ದರೆ, 6 ಮಿಲಿಮೀಟರ್ ಮೀರಿ ಬೆಳೆಯುತ್ತಿದ್ದರೆ, ರಕ್ತ ಒಸರಿದರೆ ವೈದ್ಯರಿಗೆ ತೋರಿಸಲೇಬೇಕು. ಒಂದು ತಿಂಗಳಾದರೂ ಮಾಯದ ಹುಣ್ಣಿಗೂ ಇದೇ ಮಾತು. ಹಳೆಯ ಸುಟ್ಟಗಾಯದ ಕಲೆಯಲ್ಲಿ ಹುಟ್ಟುವ ಕ್ಯಾನ್ಸರ್ ಒಂದು ಬಗೆ. ಸೊಂಟಕ್ಕೆ ಬಿಗಿದ ಧೋತರ, ಲಂಗದ ಲಾಡಿ ವರ್ಷಗಟ್ಟಲೆ ಉಜ್ಜಿದ ಜಾಗದಲ್ಲಿ ಹುಟ್ಟುವುದು ಇನ್ನೊಂದು. ಧೋತರದಿಂದ ಬರುವುದನ್ನು ಭಾರತದ ವೈದ್ಯರು 1945ರಲ್ಲೇ ದಾಖಲಿಸಿದ್ದಾರೆ. ಉಟ್ಟ ಬಟ್ಟೆಯೇ ಗಾಯ ಮಾಡುವ ಈ ಉದಾಹರಣೆಯನ್ನು ಕೇಳಿದ್ದರೆ ಅಕ್ಕ ನಕ್ಕಿರುತ್ತಿದ್ದಳೇನೋ.

ಬಿಸಿಲಿನಿಂದ ಬರುವ ಕ್ಯಾನ್ಸರ್‌ಗಳು ಸಾಮಾನ್ಯವಾಗಿ ಮುಖ, ಮೂಗು, ತುಟಿ, ಕಿವಿ, ಕೈಗಳಲ್ಲಿ, ದಶಕಗಳ ಬಿಸಿಲು ಕೂಡಿಕೊಂಡ ಮೇಲೆ ಕಾಣುತ್ತವೆ. ಚರ್ಮದಲ್ಲಿ ಬಣ್ಣವೇ ಇಲ್ಲದೆ ಹುಟ್ಟಿದವರಿಗೆ ಅಪಾಯ ಎಳವೆಯಿಂದಲೇ ಇರುತ್ತದೆ. ಅಂತಹ ಮಕ್ಕಳನ್ನು ಟೋಪಿ, ತುಂಬುತೋಳಿನ ಅಂಗಿಯಿಲ್ಲದೆ ಶಾಲೆಯ ಬಯಲಿಗೆ ಬಿಡಲೇಬಾರದು.

ಶಿಕಾರಿಪುರ, ಸೊರಬಗಳ ಹೊಲಗದ್ದೆಗಳ ಜನ ತಮ್ಮದೇ ಮರೆಗಳನ್ನು ಕಂಡುಕೊಂಡಿದ್ದರು. ಅಡಿಕೆ ಹಾಳೆಯ ಟೋಪಿ, ಕಂಬಳಿಯ ಕೊಪ್ಪೆ, ತಲೆಯ ಮೇಲೆಳೆದ ಸೆರಗು. ಕೊಪ್ಪೆ ಮಳೆಗೆಂದೇ ಹುಟ್ಟಿದ್ದಾದರೂ ದಟ್ಟ ನೇಯ್ಗೆಯ ಕಪ್ಪು ಬಟ್ಟೆ ಕಿರಣಗಳನ್ನು ತಡೆಯುವಷ್ಟು ತೆಳುವಾದ, ನೆನೆದ ಬಿಳಿ ಹತ್ತಿ ಬಟ್ಟೆ ತಡೆಯಲಾರದು. ಸೊರಬದ ಗುಡಿಗಾರರು ಕೆತ್ತುವ ಶ್ರೀಗಂಧ ತೇಯ್ದು ಹಚ್ಚಿದರೆ ತಂಪು ನಿಜ. ನೇರಳಾತೀತ ಕಿರಣಕ್ಕೆ ಅದು ತಡೆಯೆಂದು ನಂಬಿ ನಟ್ಟ ನಡುಹಗಲು ನಿಲ್ಲಲಾಗದು. ನೆರಳು ತನ್ನ ಎತ್ತರಕ್ಕಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ, ಅಂದರೆ ಸುಮಾರು 10ರಿಂದ 4 ಗಂಟೆಯವರೆಗೆ, ಬಿಸಿಲು ತಪ್ಪಿಸುವುದು ಎಲ್ಲ ಲೇಪಗಳಿಗಿಂತ ಮಿಗಿಲು. ಲೇಪ ಬಳಸುವ ನಗರವಾಸಿಗಳು ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ, ಎರಡೂ ಬಗೆಯ ಕಿರಣಗಳನ್ನು ತಡೆಯುವಂಥದ್ದನ್ನು ಆರಿಸಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕೂಲಿಯ ಲೆಕ್ಕದಲ್ಲಿ ನಾಟಿಗೆ, ಶುಂಠಿ ಕೀಳಲು, ಅನಾನಸು ಕೊಯ್ಯಲು ಹೋಗುವ ಹೆಣ್ಣಿಗೆ ಹೊತ್ತನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಎಲ್ಲಿದೆ ಎಂಬುದು ಬೇರೆಯೇ ಪ್ರಶ್ನೆ. ಹೊಲದಂಚಿನಲ್ಲಿ ಒಂದು ಚಪ್ಪರ, ಮಧ್ಯಾಹ್ನದ ಬಿಡುವು, ಇವನ್ನು ಕೊಡಬೇಕಾದವರು ಜಮೀನಿನ ಒಡೆಯರು.

ಕಲ್ಯಾಣದ ಶರಣರು ಅಕ್ಕನೆಂದು ಕರೆದದ್ದು ವಯಸ್ಸಿನಲ್ಲಿ ತಮಗಿಂತ ಕಿರಿಯಳಾದವಳನ್ನು. ಚೆನ್ನಮಲ್ಲಿಕಾರ್ಜುನನ ಅಂಕಿತದಲ್ಲಿ ಆಕೆಯವೆಂದು ದೊರೆತಿರುವ ವಚನಗಳು ನಾಲ್ಕುನೂರಕ್ಕೂ ಹೆಚ್ಚು. ತ್ರಿಪದಿಗಳಲ್ಲಿರುವ ಯೋಗಾಂಗ ತ್ರಿವಿಧಿಯೂ ಆಕೆಯದೆಂದು ಪರಂಪರೆ ನಂಬಿದೆ. ಅಲ್ಲಮನಿಂದ ಬೀಳ್ಕೊಂಡು ಆಕೆ ಹೊರಟದ್ದು ಶ್ರೀಶೈಲದ ಕದಳಿಗೆ. ಗಿಳಿ, ಕೋಗಿಲೆ, ದುಂಬಿ, ನವಿಲುಗಳನ್ನು ತನ್ನ ಮಲ್ಲಿಕಾರ್ಜುನನ ಸುದ್ದಿ ಕೇಳುವ ವಚನದಲ್ಲಿ ಕಾಡಿನ ನೆರಳು ತುಂಬಿದೆ. ಬಯಲಿನ ಬಿಸಿಲು ಹಿಂದೆ ಉಳಿದದ್ದು ತಿಳಿಯುತ್ತದೆ. ಹರಿಹರನ ಕಥೆಯಲ್ಲಿ ಮಗಳನ್ನು ಹುಡುಕಿಕೊಂಡು ತಂದೆತಾಯಿಗಳು ಶ್ರೀಶೈಲಕ್ಕೆ ಬರುತ್ತಾರೆ. ಕೋಮಲವಾಗಿ ಸಾಕಿದ ಮೈ ಈ ಸ್ಥಿತಿಗೆ ಬಂತೆಂದು ಹೆತ್ತವರ ಕರುಳು ಮರುಗಿದ್ದರೆ ಅಚ್ಚರಿಯಿಲ್ಲ. ಮಗಳು ಅವರೊಡನೆ ಮರಳಲಿಲ್ಲ.

ಹುಟ್ಟೂರಿನಲ್ಲಿ ಈಚಿನ ವರ್ಷಗಳಲ್ಲಿ ಅಕ್ಕನ ಬೃಹತ್ ಪ್ರತಿಮೆ ಎದ್ದಿದೆ. ವಿಜಯಪುರದ ಮಹಿಳಾ ವಿಶ್ವವಿದ್ಯಾಲಯಕ್ಕೆ 2017ರಿಂದ ಆಕೆಯ ಹೆಸರಿದೆ. ಶ್ರೀಶೈಲದಿಂದ ಕೃಷ್ಣಾ ನದಿಯಲ್ಲಿ ದೋಣಿಯೇರಿ ಹೋದರೆ ಆಕೆ ತಪಸ್ಸಿಗೆ ಕುಳಿತಿದ್ದಳೆಂದು ಜನ ನಂಬುವ ಗುಹೆಗಳು ಸಿಗುತ್ತವೆ. ಹೊರಗೆ ಕಲ್ಲಿನ ಸಹಜ ಕಮಾನು, ಒಳಗೆ ಒಬ್ಬರೇ ಹಾಯಬಹುದಾದ ಇಕ್ಕಟ್ಟಿನ ಸಂದು, ಅದರ ಕೊನೆಯಲ್ಲಿ ಒಂದು ಲಿಂಗ. ಎಂತಹ ಬೇಸಿಗೆಯ ಮಧ್ಯಾಹ್ನವೂ ಬಿಸಿಲು ಅಲ್ಲಿಯವರೆಗೆ ಬರುವುದಿಲ್ಲ.